ಆಡಮ್ಸರ ಮನೆಯ ಔತಣ



ಇಂದು ನಾನು ತಮ್ಮೊಡನೆ ಮಾತನಾಡಬಯಸುವುದು ಒಂದು ಚಲನಚಿತ್ರವನ್ನು ಕುರಿತು. ಅದರಲ್ಲಿಯೂ ಮುಖ್ಯವಾಗಿ, ಆ ಚಿತ್ರದೊಳಗಿನ ಒಂದು ರಾತ್ರಿಯ ಊಟವನ್ನು ಕುರಿತು. ಚಿತ್ರದ ಹೆಸರು ‘ಆಲಿಸ್ ಆಡಮ್ಸ್’. ಹಾಲಿವುಡ್ಡಿನ ಆರ್.ಕೆ.ಓ. ಸಂಸ್ಥೆಯವರು ಅದನ್ನು 1935ರ ಆಗಸ್ಟ್ ತಿಂಗಳಿನಲ್ಲಿ ಹೊರತಂದರು. ನಿರ್ದೇಶಕರು ಜಾರ್ಜ್ ಸ್ಟೀವನ್ಸ್. ನಾಯಿಕೆ ಕ್ಯಾಥರೀನ್ ಹೆಪ್‌ಬರ್ನ್. ಕಥೆಗೆ ಆಧಾರ, ಬೂತ್ ಟಾರ್ಕಿಂಗ್‌ಟನ್ನರು 1921ರಲ್ಲಿ ಪ್ರಕಟಿಸಿದ, ಮರುವರುಷವೇ ಪುಲಿಟ್ಜರ್ ಪಾರಿತೋಷಕಕ್ಕೆ ಪಾತ್ರವಾದ ಕಾದಂಬರಿ. ಶ್ರೇಷ್ಠ ಚಿತ್ರವೆಂದು ಆ ವರುಷದ ಆಸ್ಕರ್ ಸ್ಪರ್ಧೆಗೆ ಇದು ನಾಮನಿರ್ದೇಶನಗೊಂಡಿತು. ಹೆಪ್‌ಬರ್ನ್ ಅವರ ಹೆಸರೂ ಶ್ರೇಷ್ಠ ನಟಿಯರ ಪಟ್ಟಿಯನ್ನು ಸೇರಿತು.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಣ್ಣ ಪಟ್ಟಣ. ಅಲ್ಲಿ ಆಡಮ್ಸ್ ಎಂಬ ಕುಟುಂಬ. ತಂದೆ ಔಷಧದ ಸಗಟು ವ್ಯಾಪಾರದ ಮಂಡಿಯೊಂದರಲ್ಲಿ ವರುಷಾನುಗಟ್ಟಲೆ ಗುಮಾಸ್ತಿಕೆ ಮಾಡಿ ಈಗ ರೋಗಪೀಡಿತನಾಗಿ ಮಲಗಿದ್ದಾನೆ. ತಾಯಿ, ತನ್ನ ಗಂಡ ಇತರ ಗಂಡಸರಂತೆ ಮೇಲಕ್ಕೇರಲಿಲ್ಲವೆಂಬ ಕೊರಗಿನಿಂದ ಮನೆಯ ಗಾಳಿಯನ್ನೇ ಕಹಿ ಮಾಡಿದ್ದಾಳೆ. ತಮ್ಮ ವಾಲ್ಟರನಿಗೆ ಅಕ್ಕನ ಬೆಡಗುಬಿನ್ನಾಣಗಳೆಂದರೆ ಮೈಯುರಿ. ಮಗಳು ಆಲಿಸಳಿಗೋ ಊರಿನ ಸಿರಿವಂತರ ಮನೆಗಳಲ್ಲಿ ಸಮಾನಳಾಗಿ ಕುಳಿತೇಳಬೇಕೆಂಬುದೊಂದೇ ಹಂಬಲ. ಪಾಮರ್ ಎಂಬ ಧನಿಕರ ಮನೆಯ ನರ್ತನಕೂಟಕ್ಕೆ ಅವಳು ಹಳೆಯ ಉಡುಪನ್ನೇ ತಿದ್ದಿ ತೀಡಿ ಹೊಸದೆಂಬಂತೆ ತೊಟ್ಟು, ಕೊಳ್ಳಲು ಹಣವಿಲ್ಲದೆ ತಾನೇ ಕಿತ್ತು ತಂದ ಹೂಗಳ ಗೊಂಚಲನ್ನು ಹಿಡಿದು ಹೋಗುತ್ತಾಳೆ. ಕೂಟ ಮುಗಿಯುವುದಕ್ಕೆ ಮುಂಚೆಯೇ ಹೂಗಳು ಬಾಡುತ್ತವೆ. ಅವಳನ್ನು ನರ್ತನಕ್ಕೆ ಕರೆಯುವವರಿಲ್ಲ. ಆದರೂ, ಯಾರೋ ಈಗಲೇ ಬಂದು ಕೂಡಲಿದ್ದಾರೆ ಎಂಬಂತೆ ಪಕ್ಕದ ಬರಿದಾದ ಕುರ್ಚಿಯನ್ನು ಕಾಯುತ್ತ, ಕಾಣದ ಗೆಳೆಯನಿಗಾಗಿ ಮುಗುಳ್ನಗುತ್ತ ಅವಳು ಕುಳಿತಿರುತ್ತಾಳೆ. ಆ ನಗೆಯನ್ನು ನೋಡಿ ಮರುಗದವರು ವಿರಳ. ಆ ಕೂಟದಲ್ಲಿಯೇ ಆರ್ಥರ್ ರಸೆಲ್ ಎಂಬ ಸ್ಥಿತಿವಂತ ತರುಣ, ಅಂದರೆ ನಟ ಫ್ರೆಡ್ ಮ್ಯಾಕ್‌ಮರ್ರೆ, ಅವಳನ್ನು ಕಂಡು ಮೆಚ್ಚುತ್ತಾನೆ. ಪ್ರೇಮ ಅಂಕುರಿಸುತ್ತದೆ. ಇನ್ನು ಅವನನ್ನು ಮನೆಗೆ ಊಟಕ್ಕೆ ಕರೆಯಲೇಬೇಕು.

ಹೀಗೆ ನಾವು ಔತಣದ ರಾತ್ರಿಗೆ ಬಂದೆವು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬೇಸಿಗೆಯ ಅತಿ ಧಗೆಯ ದಿವಸ. ಮನೆಯಲ್ಲಿ ಇರುವುದು ಇಕ್ಕಟ್ಟಾದ ಊಟದ ಕೋಣೆ. ಆದರೂ ಅತಿಥಿ ದೊಡ್ಡ ಮನೆತನದವನೆಂದು, ಚಳಿಗಾಲಕ್ಕೆ ತಕ್ಕ ಭಾರವಾದ ಅಡುಗೆ. ಹೊಗೆಯಾಡುವ ಬಿಸಿ ಸೂಪು. ಮನೆಯವರು ಯಾರೂ ಹಿಂದೆ ರುಚಿ ನೋಡದಿದ್ದ ಕ್ಯಾವಿಯಾರ್, ಎಂದರೆ ಉಪ್ಪಿನಲ್ಲಿಟ್ಟ ಮೀನಿನ ಮೊಟ್ಟೆ. ಬೇಯುತ್ತಿರುವ ಬ್ರಸೆಲ್ಸ್ ಕೋಸಿನ ವಾಸನೆ ಮನೆಯನ್ನೆಲ್ಲ ತುಂಬಿಕೊಂಡಿದೆ. ತಂದೆಗೆ ಬಲವಂತದಿಂದ ಔತಣದ ಉಡುಪು ತೊಡಿಸಿದ್ದಾರೆ. ಗಂಜಿ ಹಾಕಿದ ಅಂಗಿಯ ಎದೆಭಾಗ ಊಟದ ನಡುವೆ ಬಾಯ್ದೆರೆದು ಅವನ ಮಾನ ಕಳೆಯುತ್ತದೆ. ಈ ಎಲ್ಲದರ ಮೇಲೆ ಆಲಿಸಳ ಮಾತಿನ ಮಳೆ. ಒಂದು ಕ್ಷಣ ಮಾತು ನಿಂತರೆ ಬಡತನ ಕಾಣಿಸಿಕೊಂಡೀತೆಂಬ ಭಯದಿಂದ ಅವಳು ಮಾತನಾಡುತ್ತಲೇ ಇರುತ್ತಾಳೆ. ಆರ್ಥರ್ ಮೌನವಾಗಿ ಬೆವರೊರೆಸಿಕೊಳ್ಳುತ್ತಾನೆ.

ಈ ಔತಣಕ್ಕೆಂದು ಅವರು ಒಬ್ಬ ಪರಿಚಾರಿಕೆಯನ್ನು ಆ ಒಂದು ಸಂಜೆಯ ಮಟ್ಟಿಗೆ ಕೂಲಿಗೆ ಗೊತ್ತುಮಾಡಿದ್ದಾರೆ. ಅವಳ ಹೆಸರು ಮಲೀನಾ. ಅವಳು ಕಪ್ಪು ಜನಾಂಗದ ಹೆಂಗಸು, ಸ್ಥೂಲಕಾಯೆ, ತಲೆಯ ಮೇಲೆ ಬಿಳಿಯ ಕಸೂತಿಯ ಟೋಪಿ. ಆ ಟೋಪಿ ನಿಂತಲ್ಲಿ ನಿಲ್ಲದೆ ಹಣೆಯ ಕಡೆಗೆ ಜಾರುತ್ತಿರುತ್ತದೆ. ಬಾಯಲ್ಲಿ ಜಗಿಯುವ ಗಮ್ಮು. ನಡಿಗೆ ಬಹು ಮಂದ. ತಟ್ಟೆಗಳನ್ನು ಅವಳು ತನಗೆ ಸರಿತೋರಿದ ಹೊತ್ತಿಗೆ ತರುತ್ತಾಳೆ, ತನಗೆ ಸರಿತೋರಿದ ಹೊತ್ತಿಗೆ ತೆಗೆದೊಯ್ಯುತ್ತಾಳೆ. ಚಿತ್ರಮಂದಿರದ ನಗೆಯೆಲ್ಲ ಇಲ್ಲಿ ಹುಟ್ಟುತ್ತದೆ. ಈ ಪಾತ್ರವನ್ನು ವಹಿಸಿದವರು ಹ್ಯಾಟಿ ಮೆಕ್‌ಡೇನಿಯಲ್. ಅಲ್ಲಿಯವರೆಗೆ ಚಿಲ್ಲರೆ ಪಾತ್ರಗಳಲ್ಲಿ ಮಿಂಚಿ ಮರೆಯಾಗುತ್ತಿದ್ದ ಆಕೆಯ ಹೆಸರು ಪ್ರೇಕ್ಷಕರ ನೆನಪಿನಲ್ಲಿ ನಿಲ್ಲಲು ಈ ಕೆಲವು ನಿಮಿಷಗಳು ಬಹುಮಟ್ಟಿಗೆ ಕಾರಣವಾದುವು.

ಈಗ ನನ್ನ ಮುಖ್ಯವಾದ ಮಾತು. ಈ ಚಿತ್ರ ನಮ್ಮನ್ನು ಬೇಡುವುದು ಏನನ್ನು? ಬಡತನದಿಂದ ಬರುವ ನಾಚಿಕೆಯನ್ನು ಕಂಡು ಮರುಗಿರಿ ಎಂದು ಬೇಡುತ್ತದೆ; ಹಣವಿಲ್ಲದವರನ್ನು ಹಣವುಳ್ಳವರು ನೋಡುವ ನೋಟದಲ್ಲಿರುವ ಕ್ರೌರ್ಯವನ್ನು ಗುರುತಿಸಿರಿ ಎಂದು ಬೇಡುತ್ತದೆ. ಅದನ್ನು ಅದು ಎಷ್ಟು ಸೂಕ್ಷ್ಮವಾಗಿ, ಎಷ್ಟು ಮನಮುಟ್ಟುವಂತೆ ಬೇಡುತ್ತದೆಯೆಂದರೆ, ಆಲಿಸಳ ಸುಳ್ಳುಗಳೂ ಕೂಡ ನಮಗೆ ಗಾಯದ ಮೇಲಿನ ಬಟ್ಟೆಗಳಾಗಿ ತೋರುತ್ತವೆ. ಆದರೆ ಆ ಕೋಣೆಯಲ್ಲಿ ಎಲ್ಲರಿಗಿಂತ ಬಡವಳು ಆಲಿಸಳಲ್ಲ. ದಿನಗೂಲಿಗೆ ಬಂದು, ಅದೇ ಸೆಕೆಯಲ್ಲಿ, ಒಲೆಗೂ ಮೇಜಿಗೂ ನಡುವೆ ಓಡಾಡುತ್ತಿರುವ ಮಲೀನಾ. ಅವಳ ಮನೆಯೆಲ್ಲಿ, ಅವಳಿಗೆ ಮಕ್ಕಳುಂಟೆ, ಅವಳು ಈ ಮನೆಯವರನ್ನು ಏನೆಂದು ತಿಳಿದಿದ್ದಾಳೆ ಎಂಬುದನ್ನು ಚಿತ್ರ ಕೇಳುವುದಿಲ್ಲ. ಆಲಿಸಳ ಟೋಪಿ ಜಾರಿದ್ದರೆ ನಾವು ಮರುಗುತ್ತಿದ್ದೆವು. ಮಲೀನಾಳ ಟೋಪಿ ಜಾರಿದಾಗ ನಗಬೇಕೆಂದು ಚಿತ್ರ ನಮಗೆ ಸೂಚಿಸುತ್ತದೆ. ಒಂದೇ ಕೋಣೆ, ಒಂದೇ ಧಗೆ. ಅಲ್ಲಿ ಒಬ್ಬಳ ಎಡವಟ್ಟು ದುಃಖವಾಗುತ್ತದೆ, ಇನ್ನೊಬ್ಬಳದು ವಿನೋದವಾಗುತ್ತದೆ. ಕಪ್ಪು ಜನಾಂಗದವರು ತೆರೆಯ ಮೇಲೆ ಕಾಣಿಸಿಕೊಂಡರೋ ಇಲ್ಲವೋ ಎಂದು ಎಣಿಸುವುದರಿಂದಲೇ ಪ್ರಾತಿನಿಧ್ಯದ ಪ್ರಶ್ನೆ ಬಗೆಹರಿಯದು. ಯಾರ ನಾಚಿಕೆಯಲ್ಲಿ ಪಾಲುಗೊಳ್ಳುವಂತೆ ಕಥೆ ನಮ್ಮನ್ನು ಕರೆಯುತ್ತದೆ? ಅದನ್ನು ಕೇಳಬೇಕು.

ಮಲೀನಾಳಂಥವರು ಆ ಕಾಲದ ಅಮೆರಿಕದಲ್ಲಿ ಅಪರೂಪದವರಾಗಿರಲಿಲ್ಲ. 1940ರ ಜನಗಣತಿಯ ವೇಳೆಗೆ, ದುಡಿಯುತ್ತಿದ್ದ ಕಪ್ಪು ಮಹಿಳೆಯರಲ್ಲಿ ನೂರಕ್ಕೆ ಅರವತ್ತರಷ್ಟು ಮಂದಿ ಅನ್ಯರ ಮನೆಗಳಲ್ಲಿ ಊಳಿಗ ಮಾಡುತ್ತಿದ್ದರು. ಇನ್ನೊಂದು ಸಂಗತಿಯನ್ನು ತಾವು ದಯವಿಟ್ಟು ಗಮನಿಸಬೇಕು. ಈ ಚಿತ್ರ ತೆರೆಕಂಡ ಅದೇ 1935ರ ಆಗಸ್ಟ್ ತಿಂಗಳಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಸಾಮಾಜಿಕ ಭದ್ರತೆಯ ಶಾಸನಕ್ಕೆ ಸಹಿ ಹಾಕಿದರು. ದುಡಿಯುವ ಜನರಿಗೆ ಮುಪ್ಪಿನಲ್ಲಿ ಆಸರೆ ಒದಗಿಸುವ, ಆ ದೇಶದ ಇತಿಹಾಸದಲ್ಲಿ ಮಹತ್ತರವಾದ ಶಾಸನವದು. ಆದರೆ ಹೊಲಗಳಲ್ಲಿ ಕೂಲಿ ಮಾಡುವವರನ್ನೂ ಮನೆಗೆಲಸದವರನ್ನೂ ಅದರ ವ್ಯಾಪ್ತಿಯಿಂದ ಹೊರಗಿಟ್ಟಿದ್ದರು. ಗುಮಾಸ್ತ ಆಡಮ್ಸನಂಥವನಿಗೆ ಮುಂದೆ ವೃದ್ಧಾಪ್ಯವೇತನದ ಭರವಸೆ ದೊರೆಯಿತು. ಅವನ ಮನೆಯಲ್ಲಿ ಬಡಿಸಿದವಳಿಗೆ ದೊರೆಯಲಿಲ್ಲ. ಚಿತ್ರದ ಕರುಣೆಗೂ ಶಾಸನದ ಕರುಣೆಗೂ ಒಂದೇ ಗಡಿ ಇದ್ದಿತು.

ಇದುವರೆಗೆ ಹೇಳಿದ್ದಿಷ್ಟು: ಅಂತಸ್ತಿನ ನೋವನ್ನು ಕುರಿತ ಈ ಚಿತ್ರ, ಆ ನೋವಿನ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ನಿಂತವಳನ್ನು ನಗೆಗೀಡು ಮಾಡಿತು. ಇನ್ನು, ಬಿಳಿಯರಿಗೂ ಕಪ್ಪು ಜನರಿಗೂ ನಡುವಣ ಗೆರೆಯನ್ನು ಈ ಕಥೆಯಲ್ಲಿ ದಾಟುವವನೊಬ್ಬನಿದ್ದಾನೆ. ಅವನ ವಿಚಾರಕ್ಕೆ ಬರೋಣ.

ಅವನೇ ತಮ್ಮ ವಾಲ್ಟರ್. ಪಾಮರರ ಮನೆಯ ಕೂಟದಿಂದ ತಪ್ಪಿಸಿಕೊಂಡು ಅವನು ಸೇರುವುದು ಕಪ್ಪು ಆಳುಗಳ ಗುಂಪನ್ನು. ಅತಿಥಿಗಳ ನಿಲುವಂಗಿಗಳನ್ನಿಡುವ ಕೋಣೆಯಲ್ಲಿ ಅವರೊಡನೆ ಪಗಡೆ ಉರುಳಿಸುತ್ತ ಕೂತಿರುತ್ತಾನೆ. ಅವನ ಮಟ್ಟಿಗೆ ಅವರು ಹೆಸರುಳ್ಳ, ಮಾತುಳ್ಳ ಮನುಷ್ಯರು. ಆದರೆ ಕಥೆಯ ಕಣ್ಣಿಗೆ ಈ ಸ್ನೇಹವೇ ಅವನ ಪತನದ ಗುರುತು. ಆರ್ಥರನೆದುರು ಆಲಿಸ್ ಇದಕ್ಕಾಗಿ ನಾಚಿ ನೆಪ ಹುಡುಕುತ್ತಾಳೆ. ಮುಂದೆ ವಾಲ್ಟರ್ ಮಂಡಿಯ ಹಣವನ್ನೂ ಕದ್ದನೆಂದು ತಿಳಿದುಬಂದಾಗ, ಅಂಥ ಸಹವಾಸಕ್ಕೆ ಇಂಥ ಫಲವೆಂಬ ಭಾವನೆಗೆ ಕಥೆ ಎಡೆಮಾಡಿಕೊಡುತ್ತದೆ. ಮೇಲಿನವರೊಡನೆ ಬೆರೆಯಬೇಕೆಂಬ ಅಕ್ಕನ ಆಸೆ ಅನುಕಂಪಕ್ಕೆ ಯೋಗ್ಯವಾಯಿತು. ಕೆಳಗಿನವರೊಡನೆ ಬೆರೆತ ತಮ್ಮನ ನಡತೆ ಕಲಂಕವಾಯಿತು. ಇಷ್ಟು ಹೃದಯವಂತಿಕೆಯುಳ್ಳ ಕೃತಿಯಲ್ಲಿ ಇದನ್ನು ಕಾಣುವಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ಕಾಲವೇ ಹಾಗಿತ್ತು ಎಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ. ಹಾಲಿವುಡ್ಡಿನ ನಿರ್ಮಾಪಕರು 1930ರಲ್ಲಿ ಒಂದು ನೀತಿಸಂಹಿತೆಯನ್ನು ಒಪ್ಪಿಕೊಂಡು, 1934ರಿಂದ ಅದನ್ನು ಬಿಗಿಯಾಗಿ ಜಾರಿಗೆ ತಂದಿದ್ದರು. ಬಿಳಿಯರ ಮತ್ತು ಕಪ್ಪು ಜನರ ನಡುವಣ ದಾಂಪತ್ಯ, ಪ್ರಣಯಗಳನ್ನು ತೆರೆಯ ಮೇಲೆ ತೋರಿಸಕೂಡದೆಂಬ ಕಟ್ಟಳೆ ಅದರಲ್ಲಿ ಸ್ಪಷ್ಟವಾಗಿತ್ತು. 1956ರವರೆಗೂ ಅದು ಅಳಿಯಲಿಲ್ಲ. ಆದುದರಿಂದ ಸಿರಿವಂತನೂ ಬಡವಳೂ ಒಲಿದು ಒಂದಾಗುವ ಕಥೆಗಳು ಆ ಇಪ್ಪತ್ತು ವರುಷಗಳಲ್ಲಿ ಹೇರಳವಾಗಿ ಬಂದರೂ, ಪ್ರೇಮಕ್ಕೆ ಅಂತಸ್ತನ್ನು ದಾಟುವ ಅಪ್ಪಣೆಯಿತ್ತೇ ಹೊರತು ವರ್ಣವನ್ನು ದಾಟುವ ಅಪ್ಪಣೆಯಿರಲಿಲ್ಲ. ಆದರೆ ಇಷ್ಟರಿಂದ ಎಲ್ಲಕ್ಕೂ ಸಮಾಧಾನ ಹೇಳಿದಂತಾಗದು. ಹಿಂದಿನ ವರುಷವೇ ಬಂದ ‘ಇಮಿಟೇಷನ್ ಆಫ್ ಲೈಫ್’ ಎಂಬ ಚಿತ್ರದಲ್ಲಿ, ತನ್ನ ಮಗಳು ಬಿಳಿಯಳೆಂದು ಹೇಳಿಕೊಂಡು ತನ್ನನ್ನು ತೊರೆದುಹೋಗುವುದನ್ನು ಸಹಿಸಬೇಕಾದ ಕಪ್ಪು ತಾಯಿಯ ಪಾತ್ರವನ್ನು ಲೂಯಿಸ್ ಬೀವರ್ಸ್ ಅಭಿನಯಿಸಿದ್ದರು; ಮಗಳ ಪಾತ್ರದಲ್ಲಿ ಫ್ರೆಡಿ ವಾಷಿಂಗ್‌ಟನ್ ಎಂಬ ಕಪ್ಪು ಜನಾಂಗದ ನಟಿಯೇ ಇದ್ದರು. ಆ ತಾಯಿಯೂ ಊಳಿಗದವಳೇ. ಅವಳನ್ನು ಚಿತ್ರಿಸಿದ ರೀತಿಯಲ್ಲಿ ಕುಂದುಗಳು ಸಾಕಷ್ಟಿವೆ. ಆದರೆ ಅವಳಿಗೆ ಅಳಲು ಅವಕಾಶವಿತ್ತು. ನಾವು ಅವಳೊಡನೆ ಅಳಬಹುದಾಗಿತ್ತು. ಮಲೀನಾಳಿಗೆ ಅದು ದೊರೆಯದೇ ಹೋದುದಕ್ಕೆ ಕಾಲವೊಂದೇ ಕಾರಣವಲ್ಲ. ಚಿತ್ರ ಮಾಡಿದವರ ಆಯ್ಕೆಯೂ ಕಾರಣ.

ಪಾತ್ರದ ಮಾತಾಯಿತು. ಇನ್ನು ಪಾತ್ರಧಾರಿಣಿಯ ಮಾತು. ಹ್ಯಾಟಿ ಮೆಕ್‌ಡೇನಿಯಲ್ ಯಾರು?

ಆಕೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಕ್ಯಾನ್ಸಸ್ ರಾಜ್ಯದ ವಿಚಿಟಾ ಪಟ್ಟಣದಲ್ಲಿ. ತಂದೆತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು; ತಂದೆ ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯದಲ್ಲಿ ನಿಂತು ಕಾದಿದವರು. ಡೆನ್ವರ್ ನಗರದಲ್ಲಿ ಬೆಳೆದ ಹ್ಯಾಟಿ ಬಾಲ್ಯದಿಂದಲೇ ಹಾಡಿದರು, ಕುಣಿದರು, ತಾವೇ ಹಾಡುಗಳನ್ನು ಬರೆದರು. 1920ರ ದಶಕದಲ್ಲಿ, ಅಮೆರಿಕದ ಬಾನುಲಿಯಲ್ಲಿ ಹಾಡಿದ ಮೊದಮೊದಲ ಕಪ್ಪು ಮಹಿಳೆಯರಲ್ಲಿ ಅವರೊಬ್ಬರಾದರು. 1929ರ ಆರ್ಥಿಕ ಕುಸಿತ ಅವರ ನಾಟಕಮಂಡಲಿಯ ಕೆಲಸವನ್ನು ಕಸಿದುಕೊಂಡಿತು. ಮಿಲ್ವಾಕಿಯ ಬಳಿಯ ಒಂದು ರಾತ್ರಿಕೂಟದ ಮನೆಯಲ್ಲಿ, ಬಂದ ಹೆಂಗಸರಿಗೆ ಶೌಚಗೃಹದಲ್ಲಿ ಕೈವಸ್ತ್ರ ನೀಡುವ ಕೆಲಸಕ್ಕೆ ನಿಂತು, ಕೊನೆಗೊಂದು ರಾತ್ರಿ ಅದೇ ಮನೆಯ ವೇದಿಕೆಯ ಮೇಲೆ ಹಾಡಿ ಅಲ್ಲಿಯೇ ಗಾಯಕಿಯಾದರು. ಮುಂದೆ ಲಾಸ್ ಏಂಜಲೀಸಿಗೆ ಬಂದು ಬಾನುಲಿಯಲ್ಲಿ ವಾರವಾರವೂ ಸೇವಕಿಯ ಪಾತ್ರವನ್ನಾಡುತ್ತ ಜನಪ್ರಿಯರಾಗಿದ್ದಾಗಲೂ, ಆ ಸಂಬಳ ಸಾಲದೆ, ನಿಜವಾದ ಮನೆಗಳಲ್ಲಿ ಊಳಿಗ ಮಾಡುತ್ತಿದ್ದರು. ಅಂಥವರು ಮಲೀನಾಳ ಟೋಪಿಯನ್ನು ತಲೆಗಿಟ್ಟುಕೊಂಡು ಆ ಮೇಜಿನ ಬಳಿಗೆ ಬಂದರೆಂಬುದನ್ನು ನೆನಪಿಟ್ಟು ಆ ದೃಶ್ಯವನ್ನು ನೋಡಬೇಕು.

ಹಾಗೆ ನೋಡಿದಾಗ ಬೇರೊಂದು ಸಂಗತಿ ಗೋಚರವಾಗುತ್ತದೆ. ಆಡಮ್ಸ್ ಮನೆಯ ಪ್ರತಿಯೊಬ್ಬರೂ ಆ ರಾತ್ರಿ ತಾವಲ್ಲದ ಯಾರೋ ಆಗಿ ನಟಿಸುತ್ತಿದ್ದಾರೆ. ನಟಿಸದವಳು ಮಲೀನಾ ಒಬ್ಬಳೇ. ತಟ್ಟೆಯನ್ನು ಹಿಡಿದು ಮೇಜಿನ ಸುತ್ತ ಸಾಗುವಾಗ ಆಕೆಯ ಮುಖದಲ್ಲಿ ಗಾಬರಿಯಿಲ್ಲ, ದೈನ್ಯವಿಲ್ಲ, ಮೆಚ್ಚಿಸಬೇಕೆಂಬ ಆತುರವಿಲ್ಲ. ಬೇಸರವಿದೆ, ಮತ್ತು ಆ ಬೇಸರದೊಳಗೆ, ಈ ಮನೆಯವರಿಗೆ ಆಳನ್ನಿಡುವ ಯೋಗ್ಯತೆಯಿಲ್ಲವೆಂಬುದನ್ನು ಹೊಸ್ತಿಲಿನಲ್ಲಿಯೇ ಅರಿತವಳ ಶಾಂತವಾದ ತೀರ್ಪಿದೆ. ನಿಧಾನವಾಗಿ ನಡೆಯುವುದು ದಡ್ಡತನದ ಲಕ್ಷಣವೆಂದು ಬರೆದ ಪಾತ್ರವನ್ನು ಆಕೆ, ಅವಸರಪಡಲು ಒಪ್ಪದವಳ ನಡೆಯನ್ನಾಗಿ ಮಾರ್ಪಡಿಸಿದರು ಎಂದು ನನ್ನ ಭಾವನೆ. ಹಾಗೆಂದು ಇದನ್ನು ದೊಡ್ಡ ವಿಜಯವೆಂದು ಸಾರಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರೇಕ್ಷಕರಲ್ಲಿ ಬಹುಮಂದಿ ಕಂಡದ್ದು ಟೋಪಿ ಮತ್ತು ಗಮ್ಮುಗಳನ್ನು ಮಾತ್ರ. ಇಷ್ಟು ಪ್ರತಿಭೆ ಇಷ್ಟು ಸಣ್ಣ ಬಿರುಕಿನ ಮೂಲಕವೇ ಹೊರಬರಬೇಕಾಯಿತಲ್ಲ ಎಂಬುದೇ ನನ್ನ ಅಳಲು.

ಮಲೀನಾಳ ನಂತರ ಸೇವಕಿಯ ಪಾತ್ರಗಳು ಸಾಲುಗಟ್ಟಿ ಬಂದುವು. ‘ಗಾನ್ ವಿತ್ ದಿ ವಿಂಡ್’ ಚಿತ್ರದ ಮ್ಯಾಮಿಯ ಪಾತ್ರಕ್ಕಾಗಿ 1940ರ ಫೆಬ್ರವರಿಯಲ್ಲಿ ಹ್ಯಾಟಿಯವರಿಗೆ ಆಸ್ಕರ್ ದೊರೆಯಿತು. ಆ ಗೌರವ ಪಡೆದ ಪ್ರಥಮ ಕಪ್ಪು ವ್ಯಕ್ತಿ ಅವರು. ಅದೂ ಒಂದು ಔತಣದ ರಾತ್ರಿ. ಲಾಸ್ ಏಂಜಲೀಸಿನ ಅಂಬ್ಯಾಸಡರ್ ಹೋಟೆಲು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲವಾದುದರಿಂದ, ನಿರ್ಮಾಪಕರು ವಿಶೇಷವಾಗಿ ಕೇಳಿಕೊಂಡು ಅವರಿಗೆ ಪ್ರವೇಶ ದೊರಕಿಸಬೇಕಾಯಿತು. ಚಿತ್ರದ ಇತರ ನಟನಟಿಯರು ಕುಳಿತ ಮೇಜಿನಲ್ಲಿ ಅವರಿಗೆ ಎಡೆಯಿರಲಿಲ್ಲ. ಗೋಡೆಯ ಪಕ್ಕದ ಸಣ್ಣದೊಂದು ಮೇಜಿನಿಂದ ಎದ್ದು ಹೋಗಿ ಅವರು ಬಹುಮಾನವನ್ನು ಸ್ವೀಕರಿಸಿದರು. ಎರಡು ವರುಷಗಳ ತರುವಾಯ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘದ ನಾಯಕರಾದ ವಾಲ್ಟರ್ ವೈಟರು ಹಾಲಿವುಡ್ಡಿಗೆ ಹೋಗಿ, ತಮ್ಮ ಜನರನ್ನು ಬರಿಯ ಆಳುಗಳಾಗಿಯೂ ವಿದೂಷಕರಾಗಿಯೂ ತೋರಿಸುವುದನ್ನು ಬಿಡಿರೆಂದು ನಿರ್ಮಾಪಕರನ್ನು ಒತ್ತಾಯಿಸಿದರು. ಅವರ ಬೇಡಿಕೆ ನ್ಯಾಯವಾದುದೇ. ಆದರೆ ಆ ಪಾತ್ರಗಳನ್ನೇ ನೆಚ್ಚಿ ಬಾಳುತ್ತಿದ್ದ ನಟರು, ಅವು ಹೋಗಿ ಬೇರೆ ಬಾರದಿದ್ದರೆ ತಮ್ಮ ಅನ್ನದ ಗತಿಯೇನೆಂದು ಕೇಳಿದರು. ಆ ಕೇಳಿಕೆಯೂ ನ್ಯಾಯವಾದುದೇ. ಪಾತ್ರಗಳನ್ನು ಬರೆಯುವ ಲೇಖನಿ ಎರಡು ಪಕ್ಷದವರ ಕೈಯಲ್ಲಿಯೂ ಇರಲಿಲ್ಲ.

ಚಲನಚಿತ್ರವನ್ನು ಬಿಟ್ಟು ಬಾನುಲಿಯ ಒಂದು ಸಂಗತಿಯನ್ನು ಹೇಳುತ್ತೇನೆ. ನಾವು ಈಗ ಮಾತನಾಡುತ್ತಿರುವುದೂ ಬಾನುಲಿಯ ಮುಖಾಂತರವೇ ಅಲ್ಲವೆ? ‘ಆಲಿಸ್ ಆಡಮ್ಸ್’ ಬಂದ ಮರುತಿಂಗಳು, 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರವನ್ನಾರಂಭಿಸಿದರು. ಅಷ್ಟರಲ್ಲಿ ಅಮೆರಿಕದ ಬಾನುಲಿ ಮನೆಮನೆಯನ್ನು ಮುಟ್ಟಿತ್ತು. 1940ರ ದಶಕದಲ್ಲಿ ಅಲ್ಲಿ ಬ್ಯೂಲಾ ಎಂಬ ಕಪ್ಪು ಸೇವಕಿಯ ಪಾತ್ರ ಬಹಳ ಪ್ರಸಿದ್ಧಿ ಪಡೆಯಿತು. ಆ ಕಂಠ ಮಾರ್ಲಿನ್ ಹರ್ಟ್ ಎಂಬ ಬಿಳಿಯ ಗಂಡಸಿನದು. ಪ್ರಸಾರಭವನದಲ್ಲಿ ನೆರೆದ ಸಭಿಕರಿಗೆ ಆತ ಬೆನ್ನು ಮಾಡಿ ನಿಂತಿದ್ದು, ತನ್ನ ಸರದಿ ಬಂದಾಗ ಥಟ್ಟನೆ ಮೈಕಿನ ಕಡೆಗೆ ತಿರುಗಿ ಆ ಹೆಣ್ಣುದನಿಯಲ್ಲಿ ಮಾತನಾಡಿದರೆ, ಸಭೆಯೆಲ್ಲ ಬೆರಗಾಗಿ ಕೇಕೆ ಹಾಕುತ್ತಿತ್ತು. ಆತ ತೀರಿಕೊಂಡ ಮೇಲೆ ಬಂದವನೂ ಬಿಳಿಯ ಗಂಡಸೇ. ಕೊನೆಗೆ 1947ರಲ್ಲಿ ಆ ಪಾತ್ರ ಹ್ಯಾಟಿ ಮೆಕ್‌ಡೇನಿಯಲ್ಲರ ಕೈಗೆ ಬಂದಿತು. ಅಖಿಲ ಅಮೆರಿಕಕ್ಕೆ ಪ್ರಸಾರವಾಗುವ ಕಾರ್ಯಕ್ರಮವೊಂದಕ್ಕೆ ಕಪ್ಪು ಮಹಿಳೆಯೊಬ್ಬಳು ನಾಯಿಕೆಯಾದದ್ದು ಅದೇ ಮೊದಲು. ಸೇವಕಿಯ ಪಾತ್ರಕ್ಕೂ ಕಪ್ಪು ಹೆಂಗಸಿನ ಸ್ವಂತ ದನಿ ದೊರೆಯಲು ಅಷ್ಟು ಕಾಲ ಹಿಡಿಯಿತು.

ಪರದೆಯಾಚೆಯ ಬದುಕಿನಲ್ಲಿ ಹ್ಯಾಟಿ ಯಾರಿಗೂ ಬಾಗಿದವರಲ್ಲ. ಲಾಸ್ ಏಂಜಲೀಸಿನ ಒಂದು ಉತ್ತಮ ಬಡಾವಣೆಯಲ್ಲಿ ಅವರು ಮನೆ ಕೊಂಡಿದ್ದರು. ಕಪ್ಪು ಜನರಿಗೆ ಮನೆ ಮಾರಕೂಡದೆಂಬ ಹಳೆಯ ಕರಾರುಪತ್ರಗಳನ್ನು ಮುಂದೊಡ್ಡಿ ಕೆಲವು ಬಿಳಿಯ ನೆರೆಯವರು ಅವರನ್ನೂ, ಲೂಯಿಸ್ ಬೀವರ್ಸ್ ಮೊದಲಾದವರನ್ನೂ ಹೊರಹಾಕಲು ದಾವೆ ಹೂಡಿದರು. ಇವರೆಲ್ಲ ಒಟ್ಟುಗೂಡಿ ಎದುರಿಸಿದರು. 1945ರಲ್ಲಿ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಮೂರು ವರುಷಗಳ ನಂತರ ಬೇರೊಂದು ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ, ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಮಾಡಕೂಡದೆಂದು ತೀರ್ಪಿತ್ತಿತು. ತೆರೆಯ ಮೇಲೆ ಅನ್ಯರ ಮನೆಯ ಬಾಗಿಲು ತೆರೆಯುವ ಪಾತ್ರ. ನ್ಯಾಯಾಲಯದಲ್ಲಿ ತಮ್ಮ ಮನೆಯ ಬಾಗಿಲನ್ನು ತಾವೇ ಉಳಿಸಿಕೊಂಡ ಬಾಳು. ಈ ಎರಡನೆಯ ಕಥೆಯನ್ನು ಆ ದಿನಗಳ ಹಾಲಿವುಡ್ ಚಿತ್ರವಾಗಿಸಲಿಲ್ಲ.

1952ರಲ್ಲಿ ಹ್ಯಾಟಿ ತೀರಿಕೊಂಡರು. ಹಾಲಿವುಡ್ಡಿನ ಸ್ಮಶಾನದಲ್ಲಿ ತಮ್ಮನ್ನು ಹೂಳಬೇಕೆಂದು ಅವರು ಆಶಿಸಿದ್ದರು. ವರ್ಣದ ಕಾರಣದಿಂದ ಅಲ್ಲಿಯೂ ಎಡೆ ದೊರೆಯಲಿಲ್ಲ. ಅವರ ಹೆಸರಿನ ಸ್ಮಾರಕಶಿಲೆಯನ್ನು ಅಲ್ಲಿ ನಿಲ್ಲಿಸಿದ್ದು 1999ರಲ್ಲಿ.

ಇಷ್ಟನ್ನೆಲ್ಲ ಹೇಳಿದ ಮೇಲೆ, ಈ ಚಿತ್ರವನ್ನು ನೋಡಬೇಕೆ ಬೇಡವೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಅವಶ್ಯವಾಗಿ ನೋಡಬೇಕು. ಹೆಪ್‌ಬರ್ನ್ ಅವರ ಆಲಿಸ್ ನಿಜವಾದ ಮನುಷ್ಯಜೀವಿ. ಅವಳ ನೋವು ಸುಳ್ಳಲ್ಲ. ಟಾರ್ಕಿಂಗ್‌ಟನ್ನರ ಕಾದಂಬರಿಯಲ್ಲಿ ಅವಳು ಕೊನೆಗೆ ಪ್ರಿಯನನ್ನು ಕಳೆದುಕೊಂಡು, ದುಡಿದು ಬದುಕುವ ನಿರ್ಧಾರದಿಂದ ಗುಮಾಸ್ತಿಕೆಯ ವಿದ್ಯೆ ಕಲಿಸುವ ಶಾಲೆಯ ಮೆಟ್ಟಿಲನ್ನೇರುತ್ತಾಳೆ. ಚಿತ್ರದಲ್ಲಾದರೋ ಆರ್ಥರ್ ಜಗಲಿಯ ಮೇಲೆ ಕಾದಿರುತ್ತಾನೆ, ಪ್ರೇಮ ಫಲಿಸುತ್ತದೆ. ನನಗೆ ಕಾದಂಬರಿಯ ಮುಕ್ತಾಯವೇ ಹೆಚ್ಚು ಸತ್ಯವೆಂದು ತೋರುತ್ತದೆ. ಏಕೆಂದರೆ ಕೂಲಿಗಾಗಿ ದುಡಿಯುವುದು ಅವಮಾನವಲ್ಲವೆಂದು ಆಲಿಸ್ ಅರಿಯುವುದು ಅಲ್ಲಿ ಮಾತ್ರ, ಮತ್ತು ಆ ಅರಿವು ಅವಳನ್ನು ಪಾಮರರ ಮನೆಗಿಂತ ಮಲೀನಾಳಿಗೆ ಹತ್ತಿರ ತರುತ್ತದೆ.

ಚಿತ್ರ ನೋಡುವ ಅವಕಾಶ ದೊರೆತಾಗ, ಔತಣದ ದೃಶ್ಯವನ್ನು ಎರಡು ಬಾರಿ ನೋಡಿರೆಂದು ನನ್ನ ವಿನಂತಿ. ಮೊದಲನೆಯ ಬಾರಿ ಆಲಿಸಳ ಮುಖವನ್ನು ನೋಡಿರಿ. ಎರಡನೆಯ ಬಾರಿ ಆಲಿಸಳನ್ನು ಮರೆತು, ತಟ್ಟೆ ಹಿಡಿದು ಮೇಜಿನ ಸುತ್ತ ಬರುವವಳ ಕಣ್ಣುಗಳನ್ನು ಹಿಂಬಾಲಿಸಿರಿ. ಅವಳು ಯಾರನ್ನು ನೋಡುತ್ತಾಳೆ, ಎಷ್ಟು ಹೊತ್ತು ನೋಡುತ್ತಾಳೆ, ಯಾವಾಗ ದೃಷ್ಟಿಯನ್ನು ತಿರುಗಿಸಿಕೊಳ್ಳುತ್ತಾಳೆ ಎಂಬುದನ್ನು ಗಮನಿಸಿರಿ.